ಟವೆಲ್ಲಿನ ಕೆಳಗಿನ ಮಾತು

ಹಲಗೇರಿ ಹೇಮಪ್ಪನಿಗೆ ಯಾರ ಮೇಲೂ ನಂಬಿಕೆ ಇಲ್ಲ. ಇರುವುದಾದರೂ ಹೇಗೆ? ರಾಣೆಬೆನ್ನೂರಿನ ದನದ ಸಂತೆಯಲ್ಲಿ ಮೂವತ್ತೈದು ವರ್ಷ ದಲ್ಲಾಳಿ ಕೆಲಸ ಮಾಡಿದ ಮನುಷ್ಯ. ಅಲ್ಲಿ ಎತ್ತಿನ ರೇಟನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಸೇರಿಸಿ, ಎದುರಿನವನ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳಿಗೆ ಹತ್ತು ಸಾವಿರ. ಸುತ್ತ ನಿಂತವರಿಗಾಗಿ ಬಾಯಿ ಏನು ಬೇಕಾದರೂ ಒದರಲಿ, ಖರೆ ಮಾತು ಬೆರಳಿನದು. ಮಗಳು ನೀಲಾಳಿಗೂ ಸಣ್ಣವಳಿದ್ದಾಗ ಇದನ್ನು ಆಟದಂತೆ ಕಲಿಸಿದ್ದ.

ಅಂಥವನು ಕುಮಾರಪಟ್ಟಣದ ಮಗಳ ಮನೆಗೆ ಹೋದಾಗ, ಕಪಾಟಿನ ಮೇಲೆ ಇಸ್ಪೀಟಿನ ಕಟ್ಟು ಕಂಡರೆ ಸುಮ್ಮನಿದ್ದಾನೆಯೇ? ಅಳಿಯ ದುರ್ಗೇಶ ಫ್ಯಾಕ್ಟರಿ ನೌಕರ, ಬೀಡಿ ಸಹ ಸೇದದವನು. ಮದುವೆಗೆ ಮುಂಚೆ ಬ್ಯಾಡಗಿಯ ಅವನ ಓಣಿಯಲ್ಲೆಲ್ಲ ವಿಚಾರಿಸಿ, ಹಲ್ಲು ನೋಡಿ ಎತ್ತು ಆರಿಸಿದಂತೆ ಆರಿಸಿದ ವರ. ಜೂಜುಕೋರನ ಕೈಗೆ ಮಗಳನ್ನು ಕೊಟ್ಟೆನೇ?

ಬಾಯಿ ಬಿಡಿಸಲು ಹೇಮಪ್ಪ ಒಂದು ಹೂಟ ಹೂಡಿದ. "ಅಳಿಯಂದ್ರ, ಈ ಆಟಾ ನನಗೂ ಒಂದಿಷ್ಟು ಕಲಿಸ್ರಿ."

ದುರ್ಗೇಶ ಸಂಕೋಚದಿಂದಲೇ ಚಾಪೆ ಹಾಸಿದ. "ಇದಕ್ಕ ಓಮಾಹಾ ಪೋಕರ್ ಅಂತಾರ್ರಿ ಮಾವಾರ. ಕೈಯಾಗ ನಾಕು ಎಲಿ, ನಡುವ ಎಲ್ಲಾರಿಗೂ ಸೇರಿ ಐದು. ಅದರಾಗ ಐದು ಎಲಿ ಜೋಡಿಸೂದು. ಐದೂ ಒಂದ ಜಾತಿ ಆದ್ರ ದೊಡ್ಡ ಆಟಾ. ನಾನೂ ಈಗೀಗ ಕಲಿಯಾಕತ್ತೇನ್ರಿ."

ಈಗೀಗಂತೆ! ಕಳ್ಳ ಯಾವತ್ತಾದರೂ ತಾನು ಹಳಬನೆಂದು ಹೇಳಿಕೊಂಡಾನೆಯೇ, ಎಂದು ಹೇಮಪ್ಪ ಮನಸ್ಸಿನಲ್ಲೇ ಬೈದ.

ಪಣಕ್ಕೆ ಹುಣಸೆ ಬೀಜ. ಹೇಮಪ್ಪ ಎಲೆಗಿಂತ ಅಳಿಯನ ಮುಖವನ್ನೇ ಹೆಚ್ಚು ನೋಡಿದ. ಮೂರನೆಯ ಆಟದಲ್ಲಿ ನಡುವೆ ನಾಲ್ಕು ಆಟೀನು ಬಿದ್ದವು. ಇವನ ಕೈಯಲ್ಲಿ ಆಟೀನಿನ ಎಕ್ಕ. ಐದೂ ಒಂದೇ ಜಾತಿ! ಇದ್ದಬದ್ದ ಬೀಜವನ್ನೆಲ್ಲ ಮುಂದಕ್ಕೆ ದೂಡಿದ.

ದುರ್ಗೇಶ ತಲೆ ಕೆರೆದುಕೊಂಡ. "ಇದು ನಡಿಯೂದಿಲ್ಲಂತ ಕಾಣ್ತೈತ್ರಿ..."

"ಯಾಕ ನಡಿಯೂದಿಲ್ಲ? ನಾ ಗೆದ್ದಕೂಡ್ಲೇ ಹೊಸಾ ಕಾನೂನು ಬಂತೇನು? ಸಂತ್ಯಾಗ ಇಂಥಾವ್ರನ್ನ ಭಾಳ ಮಂದೀನ ನೋಡೇನಿ!"

ಉತ್ತರ ಬಂದದ್ದು ಅಡುಗೆಮನೆಯಿಂದ, ನೀಲಾ ರೊಟ್ಟಿ ಬಡಿಯುವ ಸಪ್ಪಳದ ನಡುವೆ.

"ಕೈಯಾಗಿನವು ಎರಡು ತಗೊಳ್ಳಾಕ ಬೇಕಪ್ಪಾ, ನಡುವಿನವು ಮೂರು. ಒಂದು ಎಕ್ಕಾ ನಂಬಿ ಎಲ್ಲಾ ದೂಡಬಾರದು. ಹೊಸಬ್ರು ಇಲ್ಲೇ ಮುಳುಗ್ತಾರ."

ಹೇಮಪ್ಪ ಕೈಯಲ್ಲಿದ್ದ ಎಲೆ ಕೆಳಗಿಟ್ಟ.

"ಆಕೀನ ರೀ ನನಗ ಕಲಿಸಾಕಿ," ದುರ್ಗೇಶ ಹೆಮ್ಮೆಯಿಂದ ನಕ್ಕ. "ಫೋನಿನ್ಯಾಗ ನೋಡಿ ಕಲ್ತಾಳ."

ಪಾಪ, ಪೆದ್ದನಂತೆ ನಗುತ್ತಿದ್ದ. ಆ ಮುಖದಲ್ಲಿ ಕಪಟ ಹುಡುಕುತ್ತ ಹೇಮಪ್ಪ ಒಂದು ಮಧ್ಯಾಹ್ನವನ್ನೇ ಹಾಳು ಮಾಡಿದ್ದ.

ನೀಲಾ ಚಹಾ ತಂದಿಟ್ಟಳು. ಹೇಮಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಮುಚ್ಚಿಕೊಂಡ. "ಬಾ ಇಲ್ಲಿ, ಕುಂದ್ರು. ಸಣ್ಣಾಕಿದ್ದಾಗ ಕಲಿಸಿದ್ದು ನೆನಪೈತೇನು ನೋಡೂಣು." ಅವಳ ಕೈ ಟವೆಲ್ಲಿನೊಳಗೆ ಬಂದ ಮೇಲೆ ಕೇಳಿದ: "ಫೋನಿನ್ಯಾಗ ರೊಕ್ಕಾ ಹಚ್ಚಿ ಕಳಕೊಂಡೀಯೇನು?"

"ಇಲ್ಲಪ್ಪಾ, ಖರೇನ ಇಲ್ಲ." ನೀಲಾ ಗಂಡನ ಕಡೆ ನೋಡಿ ನಕ್ಕಳು.

ಟವೆಲ್ಲಿನ ಕೆಳಗೆ ಅವಳ ಕೈ ಅಪ್ಪನ ನಾಲ್ಕು ಬೆರಳುಗಳನ್ನು ಒಟ್ಟಿಗೆ ಹಿಡಿಯಿತು. ನಲವತ್ತು ಸಾವಿರ. ಹಿಡಿದದ್ದನ್ನು ಬಿಡಲೇ ಇಲ್ಲ.

"ಕೇಳಿದ್ರಿಲ್ಲೋ ಮಾವಾರ?" ದುರ್ಗೇಶ ಎಲೆ ಕಲೆಸುತ್ತ ಅಂದ. "ನೀವು ಸುಮ್ಮಸುಮ್ಮನ ಸಂಶೆ ಪಡ್ತೀರಿ. ಇನ್ನೊಂದು ಆಟಾ ಹಾಕೂಣ್ರಿ?"

"ಹೂಂ, ಹಾಕ್ರಿ," ಅಂದ ಹೇಮಪ್ಪ. ಅಳಿಯನ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.