ಡ್ವೈಟ್ ಕುಚೆರಾನ ಎರಡನೆಯ ಫಿಲ್ಟರ್

ನೆಬ್ರಾಸ್ಕಾದ ಕ್ರೀಟ್ ಊರಿನಲ್ಲಿ ಇವತ್ತು ಗಡ್ಡ ನರೆಯುತ್ತಿರುವ ಗಂಡಸರಲ್ಲಿ ಬಹುಪಾಲು ಜನ ಒಂದು ಕಾಲಕ್ಕೆ ಡ್ವೈಟ್ ಕುಚೆರಾನ ಶಾಲಾ ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತವರೇ. ಡ್ವೈಟ್ ಗದರುವವನಲ್ಲ. ತಲೆಯ ಮೇಲಿನ ಕನ್ನಡಿಯಲ್ಲಿ ಒಮ್ಮೆ ನೋಡುತ್ತಿದ್ದ, ಅಷ್ಟೆ. ಸಂಜೆ ಬಸ್ಸು ನಿಲ್ಲಿಸಿದ ಮೇಲೆ ಸೀಟುಗಳ ಸಂದಿಯಲ್ಲಿ ಕೈಯಾಡಿಸಿ ಚ್ಯೂಯಿಂಗ್ ಗಮ್ ಹುಡುಕುತ್ತಿದ್ದ. ಸಿಕ್ಕಿದರೆ ಬೇಸರ, ಸಿಗದಿದ್ದರೆ ಅನುಮಾನ.

ಮನೆಗೆ ರಿಪೇರಿಯವರನ್ನು ಕರೆಸುವುದೆಂದರೆ ಅವನಿಗೆ ಆಗದು. ನಲ್ಲಿ ಸೋರಿದರೂ ತಾನೇ, ಛಾವಣಿ ಸೋರಿದರೂ ತಾನೇ. ಕೆಲವು ಸಲ ಸೋರುವುದು ನಿಲ್ಲುತ್ತಲೂ ಇತ್ತು.

ಈ ಮನೆಯನ್ನು ಅವನು ಕೊಂಡಾಗ ಅರಿಜೋನಾಕ್ಕೆ ಹೊರಟಿದ್ದ ಹಳೆಯ ಯಜಮಾನ ಕಾರಿನ ಕಿಟಕಿ ಇಳಿಸಿ, “ಕೆಳಗಡೆ ಫರ್ನೇಸ್‌ಗೆ ಒಂದು ಫಿಲ್ಟರ್ ಇದೆ, ಮರೀಬೇಡ” ಎಂದು ಹೇಳಿ ಹೋಗಿದ್ದ. ಡ್ವೈಟ್ ಮರೆಯಲಿಲ್ಲ. ಋತು ಬದಲಾದಾಗಲೆಲ್ಲ ನೆಲಮಾಳಿಗೆಗೆ ಇಳಿದು, ಮನೆಯನ್ನೆಲ್ಲ ಬಿಸಿಗಾಳಿಯಿಂದ ಬೆಚ್ಚಗಿಡುವ ಫರ್ನೇಸ್ ಆರಿಸಿ, ಅದರ ಪಕ್ಕದ ಸಂದಿಯಿಂದ ರಟ್ಟಿನ ಚೌಕಟ್ಟಿನ ಹಳೆಯ ಫಿಲ್ಟರನ್ನು ಎಳೆದು, ಹೊಸದನ್ನು ತೂರಿಸುತ್ತಿದ್ದ. ಗಾಳಿ ಯಾವ ಕಡೆಗೆ ಹೋಗಬೇಕೆಂದು ಚೌಕಟ್ಟಿನ ಮೇಲೆ ಬಾಣದ ಗುರುತಿರುತ್ತದೆ. ಅದನ್ನು ಎರಡು ಸಲ ನೋಡುತ್ತಿದ್ದ. ಆಮೇಲೆ ಹಳೆಯ ಫಿಲ್ಟರನ್ನು ದೀಪಕ್ಕೆ ಹಿಡಿಯುತ್ತಿದ್ದ. ಅದು ಪ್ರತಿ ಸಲವೂ ಹಾಲಿನಂತೆ ಬೆಳ್ಳಗಿರುತ್ತಿತ್ತು.

ಪಕ್ಕದ ಮನೆಯ ಎಮಿಲ್ ಹ್ರೊಮಾಡ್ಕಾ ಅವನ ಇಸ್ಪೀಟಿನ ಜೊತೆಗಾರ. ಕಸಾಯಿ ಅಂಗಡಿ ನಡೆಸಿ ಸಾಕಾಗಿ ಮಗನ ಕೈಗೆ ಬಿಟ್ಟಿದ್ದವನು. ಡ್ವೈಟ್ ಅವನನ್ನು ಕರೆದು ಫಿಲ್ಟರ್ ತೋರಿಸುತ್ತಿದ್ದ.

“ನೋಡಯ್ಯಾ, ಮೂರು ತಿಂಗಳು ಗಾಳಿ ಸೋಸಿದ್ದು ಇದು. ಹಾಲಿನ ಹಾಗಿದೆ. ಎಲ್ಲಾದ್ರೂ ಕಲೆ ಇದೆಯಾ?”

“ಹೊಸದನ್ನೇ ತೋರಿಸ್ತಿದೀಯೇನೋ.”

“ಹಳೇದೇ. ನಮ್ಮನೇಲಿ ಧೂಳಿಲ್ಲ. ಅಷ್ಟೆ.”

“ನಮ್ಮನೇದು ತೆಗೆದ್ರೆ ಕುರಿ ಚರ್ಮ ಇದ್ದಂಗಿರುತ್ತೆ,” ಎಂದು ಎಮಿಲ್ ತಲೆ ಕೆರೆದುಕೊಳ್ಳುತ್ತಿದ್ದ. ಡ್ವೈಟ್ ಅವನ ಬಗ್ಗೆ ಮರುಕಪಡುತ್ತಿದ್ದ.

ಧೂಳಿಲ್ಲದ ಆ ಮನೆ ಬೆಚ್ಚಗೂ ಇರಲಿಲ್ಲ. ಡ್ವೈಟ್‌ನ ಹೆಂಡತಿ ಅರ್ಲೀನ್ ಜನವರಿಯಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಅಡುಗೆ ಮಾಡುತ್ತಿದ್ದಳು. ಫರ್ನೇಸ್ ಉರಿಯುವುದು, ಆರುವುದು, ಮತ್ತೆ ಉರಿಯುವುದು. ಕೇಳಿದರೆ ಡ್ವೈಟ್, “ಇದು ನೆಬ್ರಾಸ್ಕಾ ಕಣೆ” ಎನ್ನುತ್ತಿದ್ದ.

ಮನೆಯಲ್ಲಿದ್ದ ಮೂರನೆಯ ಜೀವ ಹರ್ಮನ್. ಬೂದು ಬಣ್ಣದ ದೊಡ್ಡ ಬೆಕ್ಕು. ಅರ್ಲೀನಳ ಸೋದರಮಾವನ ಹೆಸರು ಅದಕ್ಕೆ. ಆ ಮಾವನೂ ಊಟದ ಮೇಜಿನ ಬಳಿ ಹಾಗೆಯೇ ಕೂರುತ್ತಿದ್ದನಂತೆ, ತನಗೆ ಮೊದಲು ಬಡಿಸುತ್ತಾರೆಂಬ ಭರವಸೆಯಲ್ಲಿ.

ಒಂದು ಚಳಿಗಾಲ ಅರ್ಲೀನಳಿಗೆ ಸೀನು ಹತ್ತಿಕೊಂಡಿತು. ಬೆಳಿಗ್ಗೆ ಎದ್ದರೆ ಸೀನು, ಹಿಟ್ಟು ಕಲೆಸುವಾಗ ಸೀನು, ಇಗರ್ಜಿಯ ಊಟಕ್ಕೆಂದು ಕೊಲಾಚೆ ರೊಟ್ಟಿಯ ನಡುವೆ ಹಣ್ಣಿನ ಪಾಕ ತುಂಬುವಾಗಲೂ ಮುಖ ಆಚೆ ತಿರುಗಿಸಿ ಸೀನು. ಬೀಜದ ಕಂಪನಿಯ ಆಫೀಸಿಗೆ ಕೆಲಸಕ್ಕೆ ಹೋದರೆ ನಿಂತುಬಿಡುತ್ತಿತ್ತು. ವೈದ್ಯರು ಕಿವಿ, ಮೂಗು, ಗಂಟಲು ನೋಡಿ, “ಏನು ಬೇಕಾದ್ರೂ ಆಗಿರಬಹುದು. ಧೂಳು, ಬೂಷ್ಟು, ಬೆಕ್ಕು...” ಎಂದರು.

ಮನೆಗೆ ಬರುವ ದಾರಿಯಲ್ಲೇ ಡ್ವೈಟ್ ತೀರ್ಪು ಕೊಟ್ಟ.

“ಬೆಕ್ಕು.”

“ಧೂಳು ಅಂತಾನೂ ಅಂದ್ರು.”

“ಧೂಳೆಲ್ಲಿದೆ? ಫಿಲ್ಟರ್ ತಂದು ತೋರಿಸ್ಲಾ?”

“ಬೇಡ. ನೋಡಿದೀನಿ.”

“ಆಫೀಸಲ್ಲಿ ಸೀನು ಬರಲ್ಲ ತಾನೆ? ಆಫೀಸಲ್ಲಿ ಬೆಕ್ಕಿದೆಯಾ?”

ಆಫೀಸಿನಲ್ಲಿ ಬೆಕ್ಕಿಲ್ಲ ಎಂದು ಅರ್ಲೀನ್ ಒಪ್ಪಿಕೊಂಡಳು. ವಾದ ಗೆಲ್ಲುವುದು ಡ್ವೈಟ್‌ಗೆ ಅಪರೂಪ. ಹಾಗಾಗಿ ಅವನು ತಡಮಾಡದೆ ಆ ವಾರವೇ ಹರ್ಮನ್‌ನನ್ನು ಪಂಜರದ ಪೆಟ್ಟಿಗೆಗೆ ಇಳಿಸಿ ಎಮಿಲ್‌ನ ಮನೆಗೆ ಸಾಗಿಸಿದ. ಅರ್ಲೀನ್ ಬಾಗಿಲವರೆಗೂ ಬರಲಿಲ್ಲ. ಅಡುಗೆಮನೆಯಿಂದ ಮೂಗು ಸೀಟುವ ಸದ್ದು ಕೇಳಿಸಿತು. ಅದು ಸೀನಿನದೋ ಬೇರೆಯದೋ ಎಂದು ಡ್ವೈಟ್ ವಿಚಾರಿಸಲಿಲ್ಲ.

ಬೆಕ್ಕು ಹೋಯಿತು, ಸೀನು ಹೋಗಲಿಲ್ಲ.

“ಕೂದಲು ಉಳಿದಿರುತ್ತೆ. ಬೆಕ್ಕಿನ ಕೂದಲು ಅಂದ್ರೆ ಸುಮ್ನೆ ಅಲ್ಲ,” ಎಂದ ಡ್ವೈಟ್. ಸೋಫಾ ತಿರುವಿ ಹಾಕಿದ, ಪರದೆ ಒಗೆದ, ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳಿದ. ಹರ್ಮನ್‌ನ ಕೂದಲು ಒಂದು ಹಿಡಿ ಸಿಕ್ಕಿತು. ಸೀನು ಇದ್ದಷ್ಟೇ ಇತ್ತು. ಕೊನೆಗೆ ಅವನ ಕಣ್ಣು ಹಜಾರದ ಗೋಡೆಗೆ ಒತ್ತಿ ನಿಂತಿದ್ದ ಗಾಜಿನ ಬೀರುವಿನ ಮೇಲೆ ಬಿತ್ತು. ಅರ್ಲೀನಳ ತಾಯಿಯ ಪಿಂಗಾಣಿ ತಟ್ಟೆಗಳ ಬೀರು ಅದು. ಈ ಮನೆಗೆ ಬಂದ ದಿನ ನಾಲ್ವರು ಹೊತ್ತು ತಂದು ಅಲ್ಲಿಟ್ಟಿದ್ದು. ಅಲ್ಲಿಂದಾಚೆ ಕದಲಿರಲಿಲ್ಲ.

ಅರ್ಲೀನ್ ಆಫೀಸಿಗೆ ಹೋಗಿದ್ದ ಒಂದು ಬೆಳಿಗ್ಗೆ ಡ್ವೈಟ್ ತಟ್ಟೆಗಳನ್ನೆಲ್ಲ ಇಳಿಸಿ, ಕಾಲುಗಳ ಕೆಳಗೆ ಕಂಬಳಿ ತೂರಿಸಿ, ಬೀರುವನ್ನು ಇಂಚಿಂಚಾಗಿ ಎಳೆದ. ಹಿಂದೆ ಬೆಕ್ಕಿನ ಕೂದಲಿರಲಿಲ್ಲ. ಗೋಡೆಯಲ್ಲಿ ಒಂದು ಜಾಲರಿ ಇತ್ತು. ಕಿಟಕಿಯಷ್ಟು ಅಗಲದ, ಬಿಳಿ ಬಣ್ಣ ಬಳಿದ ತಗಡಿನ ಜಾಲರಿ. ಮನೆಯ ಗಾಳಿಯೆಲ್ಲ ಅದರ ಮೂಲಕವೇ ಕೆಳಗಿನ ಫರ್ನೇಸಿಗೆ ಇಳಿದು ಬಿಸಿಯಾಗಿ ಬರಬೇಕು.

ಡ್ವೈಟ್ ತಿರುಪು ಬಿಚ್ಚಿದ. ಜಾಲರಿಯ ಹಿಂದೆ ಇನ್ನೊಂದು ಫಿಲ್ಟರ್ ಇತ್ತು.

ಅದನ್ನು ಫಿಲ್ಟರ್ ಎಂದು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬೂದು ಬಣ್ಣದ ದಪ್ಪ ಕಂಬಳಿಯಂತಿತ್ತು. ನಡುಭಾಗ ಒಳಕ್ಕೆ ಜಗ್ಗಿ, ಒಂದು ಮೂಲೆಯಲ್ಲಿ ಕಪ್ಪಗೆ ಬೂಷ್ಟು ಹಿಡಿದಿತ್ತು. ಮುಟ್ಟಿದ ಕೂಡಲೇ ಡ್ವೈಟ್ ಸೀನಿದ. ಜೀವಮಾನದಲ್ಲಿ ಅಷ್ಟು ದೊಡ್ಡದಾಗಿ ಅವನು ಸೀನಿರಲಿಲ್ಲ.

ಕೆಳಗಿನ ಫಿಲ್ಟರ್ ಯಾಕೆ ಯಾವಾಗಲೂ ಹಾಲಿನಂತಿರುತ್ತಿತ್ತು ಎಂಬುದು ಆಗ ಅವನಿಗೆ ತಿಳಿಯಿತು. ಅದಕ್ಕೆ ಕೆಲಸವೇ ಇರಲಿಲ್ಲ. ಹಜಾರದ ನೆಲದ ಮೇಲೆ, ಅತ್ತೆಯ ತಟ್ಟೆಗಳ ನಡುವೆ, ಅವನು ಕೂತುಬಿಟ್ಟ.

ಆಮೇಲೆ ಅಳತೆ ತೆಗೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯವಳು, “ಇದು ನಿನ್ನ ಮಾಮೂಲಿ ಸೈಜಲ್ವಲ್ಲ ಡ್ವೈಟ್?” ಎಂದಳು.

“ಸ್ನೇಹಿತನಿಗೆ,” ಎಂದ ಡ್ವೈಟ್.

ಜಾಲರಿ ತೊಳೆದು ಒರೆಸಿ, ಬಾಣದ ಗುರುತು ಗೋಡೆಯೊಳಕ್ಕೆ ಇರುವಂತೆ ಹೊಸ ಫಿಲ್ಟರ್ ಕೂರಿಸಿದ. ಬೀರುವನ್ನು ಎದುರು ಗೋಡೆಗೆ ಸರಿಸಿದ. ಹಳೆಯದನ್ನು ಕಸದ ಡಬ್ಬಿಗೆ ಹಾಕಲು ಧೈರ್ಯ ಬರಲಿಲ್ಲ, ಅರ್ಲೀನ್ ನೋಡಿಬಿಟ್ಟಾಳು. ಚೀಲದಲ್ಲಿ ಕಟ್ಟಿ ಗ್ಯಾರೇಜಿನ ಅಟ್ಟದ ಮೇಲೆ ಎಸೆದ. ಫರ್ನೇಸ್ ಹೊತ್ತಿಸಿದಾಗ ಮನೆ ಒಂದು ಸಲ ಉಸಿರೆಳೆದುಕೊಂಡಂತಾಯಿತು. ಬಿಸಿಗಾಳಿಗೆ ಪರದೆಗಳು ಅಲ್ಲಾಡಿದವು. ಅವು ಅಲ್ಲಾಡಿದ್ದನ್ನು ಅವನು ಎಂದೂ ಕಂಡಿರಲಿಲ್ಲ.

“ಬೀರು ಯಾಕೆ ಇಲ್ಲಿ ಬಂತು?” ಸಂಜೆ ಅರ್ಲೀನ್ ಕೇಳಿದಳು.

“ಬೆಳಕು ಬೀಳ್ಲಿ ಅಂತ.”

“ಮನೆ ಬೆಚ್ಚಗಿದೆ ಇವತ್ತು.”

“ಗಾಳಿ ದಿಕ್ಕು ಬದಲಾಗಿದೆ,” ಎಂದ ಡ್ವೈಟ್. ಅದು ಸುಳ್ಳೇನೂ ಅಲ್ಲ ಎಂದು ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡ.

ಸೀನು ಕಡಿಮೆಯಾಗುತ್ತ ಬಂದು ಒಂದು ದಿನ ನಿಂತೇಹೋಯಿತು. ಅರ್ಲೀನ್ ಇಗರ್ಜಿಯ ಊಟದಲ್ಲಿ ಹುರಿದ ಹಂದಿಮಾಂಸ, ಹುಳಿ ಕೋಸು ಬಡಿಸುತ್ತ, ಕೇಳಿದವರಿಗೂ ಕೇಳದವರಿಗೂ, “ಡ್ವೈಟ್ ಹೇಳಿದ್ದೇ ಸರಿ ಕಣ್ರೇ, ಬೆಕ್ಕೇ ಕಾರಣ. ನಾನೇ ಸುಮ್ನೆ ಅತ್ಬಿಟ್ಟೆ” ಎಂದಳು. ಹೆಂಡತಿಯ ಬಾಯಲ್ಲಿ, ಅದೂ ನಾಲ್ಕು ಜನರ ಮುಂದೆ, ಇಂಥ ಮಾತು ಕೇಳಬೇಕೆಂದು ಡ್ವೈಟ್ ಮದುವೆಯಾದಾಗಿನಿಂದ ಕಾದಿದ್ದ. ಈಗ ಕೇಳಿಸಿಕೊಂಡು ಹಂದಿಮಾಂಸದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಮಾರನೆಯ ದಿನ ಅವನು ಎಮಿಲ್‌ನ ಬಾಗಿಲು ತಟ್ಟಿದ. ಹರ್ಮನ್ ಟೀವಿ ಮುಂದಿನ ಒಳ್ಳೆಯ ಕುರ್ಚಿಯಲ್ಲಿ ಮಲಗಿತ್ತು. ಎಮಿಲ್ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ.

“ಬೆಕ್ಕು ವಾಪಸ್ ಬೇಕಿತ್ತು,” ಎಂದ ಡ್ವೈಟ್.

“ಯಾಕೆ?”

“ಸುಮ್ನೆ.”

“ಸುಮ್ನೆ ಕೊಡಕ್ಕಾಗಲ್ಲ. ದಿನಾ ಅಂಗಡಿಯಿಂದ ಲಿವರ್ ತಂದು ಕೊಡ್ತಿದೀನಿ ಅವನಿಗೆ. ಅವನೂ ನಾನೂ ಹೊಂದ್ಕೊಂಡಿದೀವಿ. ನಿನ್ನ ಹೆಂಡ್ತಿ ಸೀನೋದಿಲ್ವಾ?”

ಡ್ವೈಟ್ ಟೋಪಿಯನ್ನು ಕೈಯಲ್ಲಿ ಮೂರು ಸುತ್ತು ತಿರುಗಿಸಿ, ಇದ್ದದ್ದು ಇದ್ದ ಹಾಗೆ ಹೇಳಿದ. ಎಮಿಲ್ ಮೊದಲು ನಗಲಿಲ್ಲ. “ಹಾಲಿನ ಹಾಗೆ ಅಂತಿದ್ಯಲ್ಲೋ,” ಎಂದ ನಿಧಾನವಾಗಿ. ಆಮೇಲೆ ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣೊರೆಸಿಕೊಂಡ, ಹೊರಗೆ ಹಿಮದಲ್ಲಿ ನಿಂತು ಸ್ವಲ್ಪ ನಕ್ಕು ಮತ್ತೆ ಒಳಗೆ ಬಂದ.

“ನಾನ್ಯಾರಿಗೂ ಹೇಳಲ್ಲ. ಅರ್ಲೀನ್‌ಗೆ ನೀನೇ ಹೇಳು. ಭಾನುವಾರದವರೆಗೆ ತಡ್ಕೋತೀನಿ. ಅದಕ್ಕಿಂತ ಜಾಸ್ತಿ ನನ್ ಕೈಲಾಗಲ್ಲ.”

ಆ ಸಂಜೆಯೇ ಡ್ವೈಟ್ ಗ್ಯಾರೇಜಿನಿಂದ ಚೀಲ ಇಳಿಸಿ ತಂದು, ಹೆಂಡತಿಯನ್ನು ಹಿತ್ತಲ ಬಾಗಿಲಿಗೆ ಕರೆದು ಬಿಚ್ಚಿದ. ಬೀರು, ಜಾಲರಿ, ಹಾರ್ಡ್‌ವೇರ್ ಅಂಗಡಿ ಎಲ್ಲ ಹೇಳಿದ. ಅರ್ಲೀನ್ ದೂರದಿಂದಲೇ ಬಗ್ಗಿ ನೋಡಿದಳು.

“ಇದು ನಮ್ಮನೇದಾ?”

“ಹೂಂ.”

“ಹರ್ಮನ್‌ಗಿಂತ ದಪ್ಪ ಇದೆ.”

ಡ್ವೈಟ್ ಚೀಲದ ಬಾಯಿ ಮಡಚಿದ.

“ಎಷ್ಟು ದಿನ ಆಯ್ತು ಗೊತ್ತಾಗಿ?”

“ಬೀರು ಸರಿಸಿದ ದಿನ.”

“ಬೆಳಕಿಗೆ ಅಂದೆ.”

“ಹೂಂ.”

“ಊರಿಗೆಲ್ಲ ನಾನು ನಿನ್ನ ಹೊಗಳ್ಕೊಂಡು ಬಂದೆ ಡ್ವೈಟ್.”

ಅವಳು ಕಿರುಚಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಒಲೆ ಆರಿಸಿ, “ಕೋಟು ಹಾಕ್ಕೋ. ಬೆಕ್ಕಿನ ಪೆಟ್ಟಿಗೆ ತಗೋ” ಎಂದಳಷ್ಟೆ.

ಎಮಿಲ್‌ನ ಅಡುಗೆಮನೆಯಲ್ಲಿ ಹರ್ಮನ್ ಊಟ ಮುಗಿಸಿ ಮೂತಿ ತೊಳೆದುಕೊಳ್ಳುತ್ತಿತ್ತು. ಅರ್ಲೀನ್ ಗಂಡನ ಕಡೆ ತಿರುಗಿದಳು.

“ಹೇಳು.”

“ಯಾರಿಗೆ? ನಿನಗಾಗಲೇ ಹೇಳಿದ್ನಲ್ಲ.”

“ನನಗಲ್ಲ. ಅವನಿಗೆ.”

ಡ್ವೈಟ್ ಎಮಿಲ್‌ನ ಮುಖ ನೋಡಿದ. ಎಮಿಲ್ ಆಗಲೇ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ತಪ್ಪಿಸಿಕೊಳ್ಳುವ ದಾರಿ ಕಾಣದೆ ಡ್ವೈಟ್ ಟೋಪಿ ತೆಗೆದ. ಮಂಡಿ ನೋವಿಗೆ ಮೇಜು ಹಿಡಿದುಕೊಂಡು ಬಗ್ಗಿ, “ಹರ್ಮನ್, ತಪ್ಪು ನಂದು. ನಿಂದೇನೂ ಇರ್ಲಿಲ್ಲ” ಎಂದ.

ಹರ್ಮನ್ ಫ್ರಿಜ್ಜಿನ ಕಡೆ ನೋಡಿತು.

“ಪೂರ್ತಿ ಹೇಳು,” ಎಂದಳು ಅರ್ಲೀನ್.

“ಫಿಲ್ಟರ್ ನಾನು ಬದಲಾಯಿಸಿರ್ಲಿಲ್ಲ.”

“ನಾನು ಸಾಕ್ಷಿ,” ಎಂದ ಎಮಿಲ್, ಯಾರೂ ಕೇಳದಿದ್ದರೂ.

ಅರ್ಲೀನ್ ಪೆಟ್ಟಿಗೆಯ ಬಾಗಿಲು ತೆರೆದು ಮುಂದಿಟ್ಟಳು. ಹರ್ಮನ್ ಬಂದು ಅದನ್ನು ಸುತ್ತಲೂ ಮೂಸಿತು, ಒಳಗೆ ಒಂದು ಕಾಲಿಟ್ಟು ತೆಗೆಯಿತು. ಆಮೇಲೆ ಆತುರವಿಲ್ಲದೆ ಹೊರಟು ಟೀವಿ ಮುಂದಿನ ಕುರ್ಚಿ ಹತ್ತಿತು. ಅರ್ಲೀನ್ ಕರೆದಳು. ಅದು ಕಿವಿಯನ್ನಷ್ಟೇ ತಿರುಗಿಸಿತು. ಅವಳು ಹೋಗಿ ಪಕ್ಕದ ಸ್ಟೂಲಿನ ಮೇಲೆ ಕೂತು, ಸುಮಾರು ಹೊತ್ತು ಅದರ ಬೆನ್ನು ಸವರಿದಳು. ಅದು ಗುರುಗುಟ್ಟಿತು, ಆದರೆ ಏಳಲಿಲ್ಲ.

“ಬಲವಂತ ಬೇಡ,” ಎಂದಳು ಕೊನೆಗೆ. “ಒಂದು ಸಲ ಹೊರಗೆ ಹಾಕಿದ್ದಾಯ್ತಲ್ಲ.”

ಎಮಿಲ್ ಮೊದಲ ಸಲ ಮುಜುಗರಪಟ್ಟುಕೊಂಡ. “ಅರ್ಲೀನ್, ನೀನು ಯಾವಾಗ ಬೇಕಾದ್ರೂ ಬಾ. ಬಾಗಿಲು ತಟ್ಟೋದೂ ಬೇಡ,” ಎಂದ.

ಅಂದಿನಿಂದ ಅವಳು ಆಫೀಸು ಮುಗಿಸಿ ಬರುವ ದಾರಿಯಲ್ಲಿ ಎಮಿಲ್‌ನ ಮನೆಗೆ ಹೋಗಿ ಹರ್ಮನ್ ಪಕ್ಕ ಕೂತು ಕಾಫಿ ಕುಡಿದೇ ಬರುವುದು. ಅಷ್ಟು ಹೊತ್ತಿಗೆ ಅಡುಗೆ ಮಾಡಿಡುವುದು ಡ್ವೈಟ್‌ನ ಪಾಲಿಗೆ ಬಂತು. ಯಾರೂ ಹೇಳಲಿಲ್ಲ, ತಾನಾಗಿಯೇ ಬಂತು. ಭಾನುವಾರದ ಇಸ್ಪೀಟಿಗೆ ಅವಳೂ ಸೇರಿಕೊಂಡಳು. ಚೆನ್ನಾಗಿ ಆಡುತ್ತಾಳೆ ಎಂಬುದು ಡ್ವೈಟ್‌ಗೆ ಗೊತ್ತೇ ಇರಲಿಲ್ಲ.

ಈ ವಸಂತ ಋತುವಿನಲ್ಲಿ ಅವನು ಹಜಾರದ ಫಿಲ್ಟರನ್ನು ಎಳೆದಾಗ ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ದೀಪಕ್ಕೆ ಹಿಡಿದು ನೋಡಿದ. ಆಚೆ ಬದಿ ಕಾಣಿಸಲಿಲ್ಲ. ಮುಚ್ಚಿಡದೆ ಅಡುಗೆಮನೆಗೆ ತೆಗೆದುಕೊಂಡು ಹೋಗಿ ಅರ್ಲೀನಳಿಗೆ ತೋರಿಸಿದ.

“ಕೊಳಕಾಗಿದೆ,” ಎಂದ.

“ಒಳ್ಳೇದಾಯ್ತು. ಕಸಕ್ಕೆ ಹಾಕಿ ಕೈ ತೊಳ್ಕೊಂಡು ಬಾ. ಆಲೂಗಡ್ಡೆ ಸುಲಿಯೋದಿದೆ,” ಎಂದಳು ಅವಳು.