ಕುಂಟೆಯ ಮೀನು ಕೊಂದವರು ಯಾರು?

ಕಳೆದ ಭಾನುವಾರ ನಮ್ಮ ಭಾವ ಒಬ್ಬ ಕೊಲೆಗಾರನನ್ನು ಹಿಡಿದಿದ್ದರು. ಸತ್ತಿದ್ದವು ಮೀನುಗಳು.

ಹುಲಿಕುಂಟೆ ಹತ್ತಿರದ ಅಕ್ಕನ ಊರಿಗೆ ನಾನು ಹೋಗುವಷ್ಟರಲ್ಲಿ ಊರೆಲ್ಲ ಕುಂಟೆಯ ಬಳಿ ಸೇರಿತ್ತು. ಬೇಸಿಗೆಗೆ ಬತ್ತಿ ಉಳಿದಿದ್ದ ಇಷ್ಟೇ ಇಷ್ಟು ನೀರಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಕ್ಕದ ಹೊಲದ ರಂಗಪ್ಪ ಮೆಣಸಿನ ಗಿಡಕ್ಕೆ ಎಣ್ಣೆ ಹೊಡೆದು (ನಮ್ಮ ಕಡೆ ಕ್ರಿಮಿನಾಶಕಕ್ಕೆ ಎಣ್ಣೆ ಅಂತಲೇ ಹೆಸರು) ಡಬ್ಬ ಇಲ್ಲಿ ತೊಳೆದಿದ್ದಾನೆ ಅನ್ನುವುದು ಭಾವನ ತೀರ್ಮಾನ. ತೊಳೆದಿಲ್ಲ ಅನ್ನುತ್ತಾನೆ ರಂಗಪ್ಪ. ಕೇಳುವವರು ಯಾರು? ಸಂಜೆ ಪಂಚಾಯ್ತಿ ಸೇರಿಸಿ ದೇವರ ಮುಂದೆ ಆಣೆ ಮಾಡಿಸುವುದೆಂದಾಯಿತು.

ಆಣೆ ಅಂದರೆ ತಮಾಷೆಯಲ್ಲ. ಆಣೆಗೆ ನಿಂತ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ರಂಗಪ್ಪನೋ, ಮಗನಿಗೆ ಹೆಣ್ಣು ಹುಡುಕುತ್ತಿದ್ದ.

ಊಟಕ್ಕೆ ಕೂತಾಗ ಅಕ್ಕ ಕೇಳಿದಳು, "ಮದ್ದು ಕುಡಿಸಿದ್ಮ್ಯಾಲೆ ಕುರಿ ಎಲ್ಲಿ ನಿಲ್ಸಿದ್ರಿ?"

ಭಾವ ಹೆಮ್ಮೆಯಿಂದಲೇ ಹೇಳಿದರು. ಹಿಂದಿನ ದಿನ ತಮ್ಮ ಕುರಿಮಂದೆಗೆಲ್ಲ ಜಂತುಹುಳಕ್ಕೆಂದು ಮೈಲುತುತ್ತದ ನೀರನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸಿದ್ದರು. ಆ ರಾತ್ರಿ ಮಂದೆ ನಿಲ್ಲಬೇಕಿದ್ದದ್ದು ರಂಗಪ್ಪನ ಖಾಲಿ ಹೊಲದಲ್ಲೇ, ಗೊಬ್ಬರಕ್ಕೆ. ಆದರೆ ಹುಳ ಬೀಳುವ ಹಿಕ್ಕೆಯನ್ನು ಇನ್ನೊಬ್ಬರ ಹೊಲಕ್ಕೆ ಹಾಕಿಸಬಾರದು ಅನ್ನುವುದು ಅವರ ಮನೆತನದ ಪದ್ಧತಿ. ಹಾಗಾಗಿ ಕುಂಟೆಯ ಅಂಗಳದಲ್ಲಿ ನಿಲ್ಲಿಸಿದ್ದರು. ಬೆಳಗಿನ ಜಾವದ ಮಳೆ ಆ ಅಂಗಳವನ್ನೆಲ್ಲ ತೊಳೆದು ನೀರಿಗೆ ಸೇರಿಸಿತ್ತು.

ಅಕ್ಕ ಎದ್ದು ಬಾವಿಯಿಂದ ಮೀನುಮರಿ ಹಿಡಿದು ತಂದು ಎರಡು ಬೇಸಿನ್‌ಗೆ ಬಿಟ್ಟಳು. ಒಂದಕ್ಕೆ ಕುಂಟೆ ಅಂಗಳದಲ್ಲಿ ಉಳಿದಿದ್ದ ಹಿಕ್ಕೆ ಹಾಕಿದಳು, ಇನ್ನೊಂದಕ್ಕೆ ಮನೆಯಲ್ಲಿದ್ದ ಗಬ್ಬದ ಕುರಿಯದು (ಅದಕ್ಕೆ ಮದ್ದು ಕುಡಿಸಿರಲಿಲ್ಲ). ಪಂಚಾಯ್ತಿ ಹೊತ್ತಿಗೆ ಮೊದಲ ಬೇಸಿನ್ನಿನ ಮೀನುಗಳು ತೇಲಿದ್ದವು. ಎರಡನೆಯದರಲ್ಲಿ ಈಜಾಡುತ್ತಿದ್ದವು.

ಭಾವ ಕೋಪಿಷ್ಠರು, ಆದರೆ ಸುಳ್ಳರಲ್ಲ. ಎಲ್ಲರೆದುರು ಎದ್ದು ನಿಂತರು. "ಆಣೆ ಬ್ಯಾಡ ಕಣ್ಲಾ ರಂಗ. ಮೀನು ಸಾಯಿಸಿದ್ದು ನಮ್ ಕುರಿ ಹಿಕ್ಕೆ. ನಿನ್ ಮ್ಯಾಲೆ ಸುಮ್ಕೆ ಹೊರ್ಸ್‌ಬುಟ್ಟೆ."

ರಂಗಪ್ಪ ಸಿಟ್ಟಾಗಲಿಲ್ಲ, ಬೆರಗಾದ. "ಕುರಿ ಹೊಟ್ಟೆ ದಾಟಿದ್ರೂವೆ ಸಾಯ್ದಿರೋ ಮದ್ದಾ ಅದು?"

ಹೌದು ಮಾರಾಯರೇ, ಸಾಯುವುದಿಲ್ಲ. ಎಲ್ಲ ಮದ್ದೂ ಹೀಗೆಯೇ ಅಂತ ನಾನು ಹೇಳಲಾರೆ. ಆದರೆ ಬಾಯಿಗೆ ಹಾಕಿಕೊಂಡದ್ದೆಲ್ಲ ಹೊಟ್ಟೆಯಲ್ಲೇ ಮುಗಿದುಹೋಗುತ್ತದೆ ಅಂತ ನಮಗೆ ಹೇಳಿದವರಾದರೂ ಯಾರು? ನಮ್ಮ ಮಧುಗಿರಿಯಲ್ಲಿ ಈಗ ಬೀದಿಗೊಂದು ಮೆಡಿಕಲ್ ಶಾಪು. ನೆಗಡಿಗೂ ಕ್ಯಾಪ್ಸೂಲ್. ಬಿ.ಪಿ. ಅಂತ ನಾನೂ ದಿನಾ ಮಾತ್ರೆ ನುಂಗುತ್ತೇನೆ. ಮನೆಮನೆಗೂ ಫ್ಲಶ್ ಕಕ್ಕಸು ಬರುತ್ತಿದೆ. ಸರಪಳಿ ಎಳೆದರೆ ಮುಗಿಯಿತು, ಚರಂಡಿ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ.

ಕಾಯಿಲೆ ನಮ್ಮದು, ಔಷಧಿ ಕುಡಿಯಬೇಕಾದವು ಮೀನುಗಳಾ?