ಎಣ್ಣೆ ತಲೆಯೂ ನನ್ನ ಪಿಎಚ್‌ಡಿಯೂ

ನಲವತ್ತೇಳನೇ ವಯಸ್ಸಿಗೆ ಪಿಎಚ್‌ಡಿಗೆ ಸೇರಿದವರು ಚಿಂತೆಗೆ ವಿಷಯ ಹುಡುಕಬೇಕಾಗಿಲ್ಲ. ನನಗೆ ಅದಕ್ಕೆ ಮೊದಲೇ ಒಳ್ಳೆಯ ಅಭ್ಯಾಸವಿತ್ತು. ಗ್ಯಾಸ್ ಆರಿಸಿದೆನಾ ಎಂದು ಸಿದ್ದಾಪುರದ ಬಸ್ಸಿನಲ್ಲಿ ಅರ್ಧ ದಾರಿ ಯೋಚಿಸಿ, ಇಳಿದು, ಮನೆಗೆ ವಾಪಸು ಬಂದು ನೋಡಿದವಳು ನಾನು. ಆರಿಸಿದ್ದೆ. ಮುಂದಿನ ಬಸ್ಸಿನಲ್ಲಿ ಬಾಗಿಲಿಗೆ ಬೀಗ ಹಾಕಿದೆನಾ ಎಂದು ಯೋಚಿಸಿದೆ.

ಶಿರಸಿಯಲ್ಲಿ ಇಪ್ಪತ್ತು ವರ್ಷ ಮಕ್ಕಳ ಕಿವಿ ಪರೀಕ್ಷೆ ಮಾಡಿ, ಮಾತು ಕಲಿಸಿದ ಮೇಲೆ ಒಂದು ಪ್ರಶ್ನೆ ನನಗೆ ಅಂಟಿಕೊಂಡಿತು. ಹುಟ್ಟಿನಿಂದ ಕೇಳದ ಮಗುವಿಗೆ ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸುತ್ತಾರೆ. ಒಂದು ಭಾಗ ಒಳಗೆ; ಆಯಸ್ಕಾಂತದಿಂದ ಕಿವಿಯ ಹಿಂದೆ ಅಂಟುವ ಪುಟ್ಟ ಮಷೀನು ಹೊರಗೆ. ಸದ್ದೇನೋ ಒಳಗೆ ಮುಟ್ಟಿತು. ಅದನ್ನು ಸದ್ದೆಂದು ಗುರುತಿಸಲು ಮಿದುಳು ಎಷ್ಟು ಬೇಗ ಕಲಿಯುತ್ತದೆ? ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸುತ್ತಿದರೂ ನನಗೆ ಸಿಕ್ಕ ಅಂಥ ಮಕ್ಕಳು ಬೆರಳೆಣಿಕೆಯಷ್ಟು. ಅವರಲ್ಲಿ ಮಷೀನು ಚಾಲೂ ಮಾಡಿದ ವಾರದಲ್ಲೇ ಮಿದುಳಿನ ಅಲೆ ದಾಖಲಿಸಿಕೊಳ್ಳಲು ಆಗಿದ್ದು ಒಬ್ಬಳದು ಮಾತ್ರ. ಹೆಗಡೆಕಟ್ಟಾ ಕಡೆಯ ಹುಡುಗಿ, ಆಗ ಮೂರು ವರ್ಷ. ವರ್ಷ ಕಳೆದ ಮೇಲೆ ಅವಳದೇ ಎರಡನೇ ದಾಖಲೆ ಸಿಕ್ಕರೆ ನನ್ನ ಪ್ರಬಂಧಕ್ಕೆ ಬೆನ್ನೆಲುಬು ಬರುತ್ತಿತ್ತು. ಸಿಗದಿದ್ದರೆ ಅದು ಬರೀ ಮುನ್ನುಡಿ.

ಅಲೆ ನೋಡುವ ಯಂತ್ರವನ್ನು ನನ್ನ ಗೈಡ್ ಎರವಲು ಕೊಡಿಸಿದ್ದರು. ಎರಡನೇ ದಾಖಲೆಗೆ ಗೊತ್ತುಮಾಡಿದ ದಿನವೇ ಅದನ್ನು ಒಯ್ಯಲು ಸಂಜೆ ನಾಲ್ಕಕ್ಕೆ ಜೀಪು ಬರುವುದಿತ್ತು. ಹುಡುಗಿಯನ್ನು ಅವಳ ಅಜ್ಜಿ ಕರೆತರುವುದು ಒಂದೂವರೆಗೆ. ನನ್ನ ಕೋಣೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅದನ್ನು ಒಂದು ತಾಸು ನಿಲ್ಲಿಸಿ ಎಂದು ಮಾಲೀಕರನ್ನು ಬೇಡಿಕೊಂಡಿದ್ದೆ.

"ನಿಮ್ಮ ಪರೀಕ್ಷಾ ಸಲುವಾಗಿ ಊರ ಮಂದಿ ರೊಟ್ಟಿ ಬಿಡಬೇಕೇನ್ರಿ ಮೇಡಂ?" ಎಂದರು ಬನವಾಸಿ ಕಡೆಯ ಆ ಮನುಷ್ಯ. ನಗುತ್ತಲೇ ಸ್ವಿಚ್ ಆರಿಸಿದರು.

ಹಿಂದಿನ ದಿನವೇ ಅಜ್ಜಿಗೆ ಮೂರು ಸಲ ಫೋನ್ ಮಾಡಿದ್ದೆ. ಮೂರು ಸಲವೂ ಹೇಳಿದ್ದು ಒಂದೇ ಮಾತು: ಕೂಸಿಗೆ ಚೊಲೋ ಮಾಡಿ ತಲೆ ಮೀಸಿ ಕರ್ಕಂಡು ಬನ್ನಿ. ತಲೆ ಸ್ವಚ್ಛವಿದ್ದರೆ, ಅಲೆ ಹಿಡಿಯಲು ತಲೆಗೆ ಹಚ್ಚುವ ತಂತಿಯ ಬಿಲ್ಲೆಗಳು ಚೆನ್ನಾಗಿ ಅಂಟುತ್ತವೆ.

ಹುಡುಗಿ ಒಳಗೆ ಬಂದಳು. ತಲೆ ಹೊಸ ಸ್ಟೀಲ್ ಪಾತ್ರೆಯಂತೆ ಹೊಳೆಯುತ್ತಿತ್ತು. ಇಲಿಬಾಲದಂಥ ಎರಡು ಜಡೆ, ಅದಕ್ಕೆ ಅಬ್ಬಲಿಗೆ ಹೂವು. ಕಿವಿಯ ಹಿಂದಿನಿಂದ ಒಂದು ಹನಿ ತೆಂಗಿನೆಣ್ಣೆ ಫ್ರಾಕಿನ ಕಾಲರಿಗೆ ಇಳಿಯುತ್ತಿತ್ತು.

"ಎಣ್ಣೆ ಎಂತಕ್ಕೆ ಹಚ್ಚಿದ್ದು?" ಎಂದೆ.

"ಮೀಸು ಹೇಳಿದ್ದು ನೀನೇ ಅಲ್ದ ತಂಗಿ?" ಎಂದರು ಅಜ್ಜಿ. "ಎಣ್ಣೆ ಇಲ್ಲದ್ದೇ ತಲೆಗೆ ನೀರು ಹಾಕಲೆ ನಮ್ಮಲ್ಲಿ ಎಂತ ಸೂತಕನ? ಬೆಳಗ್ಗೆ ಎಣ್ಣೆ ತಟ್ಟಿ ಮೀಸಿದ್ದಿ. ದೊಡ್ಡ ಪರೀಕ್ಷೆ, ಒಣ ತಲೆ ಚಂದ ಕಾಣ್ತಿಲ್ಲೆ ಹೇಳಿ ಮತ್ತೂ ಸ್ವಲ್ಪ ಹಚ್ಚಿದ್ದಿ."

ನಾನೂ ಅಂಥದೇ ಮನೆಯಲ್ಲಿ ಹುಟ್ಟಿದವಳು. ಎಣ್ಣೆ ಹಚ್ಚದೆ ತಲೆ ಮೀಸುವುದು ಸಾವಿನ ಮನೆಯಲ್ಲಿ ಮಾತ್ರ ಎಂಬುದು ನನಗೂ ಗೊತ್ತು. ಮೂರು ತಾಲೂಕಿನ ಮಕ್ಕಳ ಮಿದುಳು ತಿಳಿಯಲು ಹೊರಟವಳಿಗೆ ಸ್ವಂತ ಬಚ್ಚಲುಮನೆ ಮರೆತಿತ್ತು.

ಆದರೂ ಬಿಲ್ಲೆಗಳನ್ನು ಅಂಟಿಸಿ ನೋಡಿದೆ. ಬಿಲ್ಲೆ ಸರಿಯಾಗಿ ಅಂಟಿದರೆ ಪರದೆಯಲ್ಲಿ ಅದರ ಚುಕ್ಕಿ ಹಸಿರಾಗುತ್ತದೆ. ಕಿವಿಯ ಹಾಲೆಯದು ಒಂದು ಹಸಿರು, ಉಳಿದವೆಲ್ಲ ಕೆಂಪು. ಅಷ್ಟರಲ್ಲೇ ಎರಡು ಬಿಲ್ಲೆ ಜಾರಿ ಹುಡುಗಿಯ ಮಡಿಲಿಗೆ ಬಿದ್ದವು. ಅವಳಿಗೆ ಖುಷಿಯೋ ಖುಷಿ. ನಾನು ಮನಸ್ಸಿನಲ್ಲೇ ಗೈಡ್‌ಗೆ ರಾಜೀನಾಮೆ ಪತ್ರದ ಎರಡನೇ ಪ್ಯಾರಾ ಬರೆಯುತ್ತಿದ್ದೆ.

"ಎಂತಕ್ಕೆ ಹಾಂಗೆ ಕೂತಿದ್ದೆ? ಹಚ್ಚಿದವಕ್ಕೆ ತೆಗೆಯಲೂ ಬತ್ತು. ಕಡ್ಲೆಹಿಟ್ಟು ಇದ್ದ?" ಅಜ್ಜಿ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದರು.

ಗಿರಣಿಗೆ ಓಡಿದೆ. ಮಾಲೀಕರು ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕರು. "ಸೀಗಿಪುಡಿನೂ ಐತ್ರಿ, ಆದ್ರ ಹುಡುಗಿ ಕಣ್ಣು ಉರಿತಾವ. ಕಡ್ಲಿಹಿಟ್ಟ ಒಯ್ರಿ, ಇವತ್ತ ಮುಂಜಾನಿ ಬೀಸಿದ್ದು."

ಚಹಾದ ಕೆಟಲ್ಲಿನಲ್ಲಿ ನೀರು ಕಾಯಿಸಿದೆವು. ಕಿವಿಯ ಮಷೀನು ನೀರಿಗೆ ಆಗದು. ಅಜ್ಜಿ ಅದನ್ನು ಕಳಚಿ ನನ್ನ ಕೈಗೆ ಕೊಟ್ಟರು. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಎಲ್ಲಿ ಬೀಳಿಸುವೆನೋ ಎಂದು ಎರಡೂ ಕೈಯಲ್ಲಿ ಹಿಡಿದು ನಿಂತೆ. ಮಷೀನಿಲ್ಲದೆ ಹುಡುಗಿಗೆ ಏನೂ ಕೇಳದು. ಅಜ್ಜಿ ಮಾತ್ರ "ಕಣ್ಣು ಮುಚ್ಚು ಕೂಸೇ, ಆತು, ಮತ್ತೊಂದೇ ಚೊಂಬು" ಎಂದು ಮಾತಾಡುತ್ತಲೇ ಇದ್ದರು. ಕೊನೆಯ ಚೊಂಬಿಗೆ ಮೊದಲು ಅವಳ ಭುಜಕ್ಕೆ ಮೂರು ಸಲ ತಟ್ಟಿದರು. ಅವಳು ಸರಿಯಾಗಿ ಉಸಿರು ಬಿಗಿಹಿಡಿದಳು. ಕೇಳದ ಕಾಲದಲ್ಲಿ ಅವರಿಬ್ಬರು ಮಾಡಿಕೊಂಡ ಒಪ್ಪಂದವಿರಬೇಕು.

ಟವೆಲು, ಫ್ಯಾನು, ಮತ್ತೆ ಟವೆಲು. ಮೂರು ಗಂಟೆಗೆ ಪುನಃ ಬಿಲ್ಲೆ ಅಂಟಿಸಿದೆ. ಚುಕ್ಕಿಗಳು ಒಂದೊಂದಾಗಿ ಹಸಿರಾದವು. ಗಿರಣಿ ಇನ್ನೂ ನಿಂತೇ ಇತ್ತು. ಹುಡುಗಿ ಮಷೀನು ಹಾಕಿಕೊಂಡು ಅಜ್ಜಿಯ ತೊಡೆಯ ಮೇಲೆ ಕೂತು ಸದ್ದಿಲ್ಲದ ಕಾರ್ಟೂನು ನೋಡಿದಳು. ಸ್ಪೀಕರು "ಬಾ... ಬಾ..." ಎನ್ನುತ್ತಲೇ ಇತ್ತು.

ಪರದೆಯಲ್ಲಿ ಒಂದು ಪುಟ್ಟ ದಿಬ್ಬ ಎದ್ದಿತು. ನಾನು ನಂಬಲಿಲ್ಲ. ಮಷೀನಿನ ಕರೆಂಟೂ ಇಂಥ ದಿಬ್ಬ ಎಬ್ಬಿಸುತ್ತದೆ. ಆದರೆ ಅದು ಸದ್ದಿನ ಜೊತೆಗೇ ಏಳುತ್ತದೆ; ಮಿದುಳಿನದು ತುಸು ತಡವಾಗಿ. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ. ಮೂರು ಸಲವೂ ತುಸು ತಡವಾಗಿ, ಅದೇ ಜಾಗದಲ್ಲಿ ಎದ್ದಿತು. ಹೋದ ವರ್ಷದ ಗೆರೆ ಪಕ್ಕದಲ್ಲಿಟ್ಟೆ. ಆಗ ದಿಬ್ಬ ಸದ್ದಿನಿಂದ ಬಹಳ ದೂರದಲ್ಲಿ, ತೀರ ತಡವಾಗಿ ಎದ್ದಿತ್ತು. ಈಗ ಎಷ್ಟೋ ಮುಂಚೆ ಬಂದುಬಿಟ್ಟಿದೆ. ಅವಳ ಮಿದುಳು ಒಂದು ವರ್ಷದಲ್ಲಿ ಚುರುಕಾಗಿ ಕೇಳಲು ಕಲಿತಿತ್ತು.

"ಬಂತಾ?" ಎಂದರು ಅಜ್ಜಿ.

"ಬೈಂದು," ಎಂದೆ. ದಾಖಲೆಯನ್ನು ಮೂರು ಪೆನ್‌ಡ್ರೈವಿಗೆ ಹಾಕಿದೆ. ನಾಲ್ಕನೆಯದು ಸಿಗಲಿಲ್ಲ.

ಅಜ್ಜಿ ಚೀಲದಿಂದ ಎಣ್ಣೆ ಬಾಟಲಿ ತೆಗೆದರು. "ಈಗ ಹಚ್ಚಲಕ್ಕ?" ಹುಡುಗಿಗೆ ಹಚ್ಚಿ, ಅಂಗೈಯಲ್ಲಿ ಉಳಿದದ್ದನ್ನು ನನ್ನ ನೆತ್ತಿಗೆ ತಟ್ಟಿದರು. "ಇದು ಬೇಕಾದ್ದು ನಿಂಗೆ. ತಲೆ ಕಾದ ಕಾವಲಿ ಆಯ್ದು."

ಅಷ್ಟರಲ್ಲಿ ಗಿರಣಿ ಶುರುವಾಯಿತು. ಹುಡುಗಿ ಗೋಡೆಯ ಕಡೆ ತಿರುಗಿ ಮುಖ ಸಿಂಡರಿಸಿ, "ಗಲಾಟೆ!" ಎಂದಳು. ಕಿವಿಯ ಮಷೀನನ್ನು ತಾನೇ ಕಿತ್ತು ಅಜ್ಜಿಯ ಕೈಯಲ್ಲಿಟ್ಟು, ಆರಾಮಾಗಿ ಕಾರ್ಟೂನು ನೋಡತೊಡಗಿದಳು.

"ನಂಗೂ ಒಂದು ಹೀಂಗಿದ್ದು ಕೊಡ್ಸು ತಂಗಿ," ಎಂದರು ಅಜ್ಜಿ. "ಇದರ ಅಜ್ಜ ಮಾತು ಶುರುಮಾಡಿದ ಕೂಡಲೇ ತೆಗೆದಿಡ್ತೆ."

ನಾಲ್ಕಕ್ಕೆ ಜೀಪು ಬಂತು. ಯಂತ್ರ ವಾಪಸು ಕೊಟ್ಟಿದ್ದಕ್ಕೆ ಸಹಿ ಹಾಕುವಾಗ ನೆತ್ತಿ ಸವರಿಕೊಂಡಿದ್ದ ನನ್ನ ಹೆಬ್ಬೆರಳಿನ ಎಣ್ಣೆ ಗುರುತು ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿತು. ಅದಕ್ಕೆ ಗೈಡ್ ಏನೆನ್ನುವರೋ ಎಂದು ಮನೆಗೆ ಹೋಗುವವರೆಗೂ ಚಿಂತೆ ಮಾಡಿದೆ.